ಬಾಯಿಬಡುಕಿಯ ಜೊತೆ ಮೂರು ದಿನ

ಫೆಬ್ರವರಿ ೧೦

ನಮ್ಮ ಮೇನೇಜರು ಹೆಂಡತಿಯ ಜೊತೆ ದೊಡ್ಡ ಊರಿಗೆ ಹೋಗಿ ಬಂದಿದ್ದಾರೆ. ಅದರ ಫಲವನ್ನು ನಾವು ಅನುಭವಿಸಬೇಕು. ಬೆಳಿಗ್ಗೆ ಕ್ಯಾಂಟೀನಿನ ಅಡುಗೆಮನೆಗೆ ಬಂದವರೇ ಅಕ್ಕಿ ಮೂಟೆಗೆ ಒರಗಿ ನಿಂತು, ಅಲ್ಲಿ ತಿಂದದ್ದನ್ನೆಲ್ಲ ವರ್ಣಿಸತೊಡಗಿದರು. ಕಣ್ಣು ಅರ್ಧ ಮುಚ್ಚಿತ್ತು. ಊಟದ ವಿಷಯ ಬಂದಾಗ ಕಣ್ಣು ಮುಚ್ಚುವ ಗಂಡಸರನ್ನು ನಾನು ನಂಬುವುದಿಲ್ಲ. ಇವರು ಇಷ್ಟು ವರ್ಷ ನನ್ನ ಕೈಯಡುಗೆ ತಿಂದಿದ್ದಾರೆ, ಒಂದು ದಿನವೂ ಒಂದು ರೆಪ್ಪೆಯೂ ಮುಚ್ಚಿದ್ದಿಲ್ಲ.

"ಅಮ್ಮಾ, ನಮ್ಮ ಊಟ ಚೆನ್ನಾಗೇ ಇದೆ. ಆದ್ರೆ ದಿನಾ ಅದೇ ಆಗ್ಬಿಟ್ಟಿದೆ ಅಂತ ಜನ ಗೊಣಗ್ತಿದಾರೆ. ನೀವೇ ಒಂದ್ಸಲ ಹೋಗಿ ಬನ್ನಿ, ಮೂರು ದಿನ. ಊರೂ ನೋಡಿದ ಹಾಗಾಯ್ತು, ತಿಂದ ಹಾಗೂ ಆಯ್ತು. ಒಳ್ಳೇವು ಒಂದು ನಾಲ್ಕು ಐಟಂ ಕಲ್ತ್ಕೊಂಡು ಬನ್ನಿ. ಖರ್ಚೆಲ್ಲ ಕಾರ್ಖಾನೇದು."

ಗೊಣಗುವವರು ಯಾರು ಎಂದು ನನಗೆ ಗೊತ್ತು. ಇದು ಕೊಡೆ ಕಾರ್ಖಾನೆ. ಕೊಡೆಯ ಬಟ್ಟೆಯನ್ನೇ ಕತ್ತರಿಸಿ, ಬೇಯಿಸಿ, ಮೇಲೆ ನಾಲ್ಕು ಹುರಿದ ಈರುಳ್ಳಿ ಉದುರಿಸಿದರೆ ಇನ್ನೊಂದು ಸೌಟು ಹಾಕಿ ಎನ್ನುವ ಜನ. ಇವರಿಗೆ ಹೊಸ ರುಚಿ ಬೇಕಂತೆ.

ಹೂಂ ಎಂದೆ. ಇನ್ನೇನು ಹೇಳಲಿ?

ಇಲ್ಲಿ ಬರೆದರೆ ಯಾರು ಓದುತ್ತಾರೆ, ಬರೆದೇ ಬಿಡುತ್ತೇನೆ. ಡಿಸೆಂಬರಿನಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಕರೆದುಕೊಂಡು ಹೋಯಿತು. ಹೂವು, ಸೀಮೆಎಣ್ಣೆ, ಕೊಳೆತ ಆಲೂಗಡ್ಡೆ, ಎಲ್ಲ ನನಗೆ ಒಂದೇ. ತಿನ್ನುವಾಗ ಉಪ್ಪಿದೆ, ಹುಳಿಯಿದೆ ಎನ್ನುವಷ್ಟು ನಾಲಗೆಗೆ ತಿಳಿಯುತ್ತದೆ, ಅದರಾಚೆಗೆ ಗೋಡೆ. ಡಾಕ್ಟರು "ಬರಬಹುದು, ಬರದೇನೂ ಇರಬಹುದು" ಎಂದರು. ಅಷ್ಟು ಹೇಳಲು ಅವರು ಅಷ್ಟು ವರ್ಷ ಓದಬೇಕಿತ್ತೇ?

ಬೇರೆ ಯಾವ ಅಡುಗೆಯವಳಾದರೂ ಸೌಟು ನೆಕ್ಕಿ ಹೇಗೋ ಸಂಭಾಳಿಸಿಯಾಳು. ನನಗೆ ಆ ದಾರಿಯೂ ಇಲ್ಲ. ನಾನು ಸೌಟನ್ನು ನಾಲಗೆಗೆ ಮುಟ್ಟಿಸುವವಳೇ ಅಲ್ಲ. ಹಬೆಯ ಮೇಲೆ ಒಂದು ಸಲ ಬಗ್ಗಿದರೆ ಎಲ್ಲ ಹೇಳುತ್ತಿದ್ದೆ, ಉಪ್ಪು ಸಮೇತ. ಕಾರ್ಖಾನೆ ನೋಡಲು ಬಂದವರಿಗೆ ಮೇನೇಜರು ಮೊದಲು ಯಂತ್ರ ತೋರಿಸಿ, ಆಮೇಲೆ ನನ್ನನ್ನು ತೋರಿಸುತ್ತಿದ್ದರು. ಈಗ ಸೌಟು ಬಾಯಿಗಿಟ್ಟರೆ ಇಡೀ ಅಡುಗೆಮನೆ ತಿರುಗಿ ನೋಡುತ್ತದೆ. ಹಾಗಾಗಿ ದಿನವೂ ಹಬೆಯ ಮೇಲೆ ಬಗ್ಗುತ್ತೇನೆ, ತಲೆಯಾಡಿಸುತ್ತೇನೆ, ಏನೂ ತಿಳಿಯದೆ ಮೇಲೇಳುತ್ತೇನೆ.

ಮನೆಯವರಿಗೂ ಹೇಳಿಲ್ಲ. ಹೇಳಿದರೆ ವಿಷಯ ಮೇನೇಜರ ಕಿವಿಗೆ ಬೀಳುತ್ತದೆ. ಬಿದ್ದರೆ ಆ ಡಬ್ಬಿಯವನು ಬರುತ್ತಾನೆ. ಟೈ ಕಟ್ಟಿಕೊಂಡು, ವ್ಯಾನಿನಲ್ಲಿ ಡಬ್ಬಿ ಡಬ್ಬಿ ಊಟ ತುಂಬಿಕೊಂಡು ಎರಡು ಸಲ ಬಂದು ಹೋಗಿದ್ದಾನೆ. ಅವನಿಗೆ ಕ್ಯಾಂಟೀನು ಗುತ್ತಿಗೆ ಕೊಟ್ಟರೆ ನನ್ನ ಒಲೆ ಆರಿತು. ನನ್ನದಷ್ಟೇ ಅಲ್ಲ, ಅಲ್ಲಿರುವ ಅಷ್ಟೂ ಹೆಂಗಸರದ್ದು.

ಈಗ ನನ್ನನ್ನು ರುಚಿ ನೋಡಲು ಕಳಿಸುತ್ತಾರಂತೆ.


ಫೆಬ್ರವರಿ ೧೨

ಸುದ್ದಿ ಹಬ್ಬಿದೆ. ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ದೊಡ್ಡ ಊರು ಅಂಗೈ ಮೇಲಿದೆ. ಲೆಕ್ಕ ಬರೆಯುವವರು, ಗೋಪುರದ ಮೇಲೆ ಹತ್ತಿ ಸೂರ್ಯ ಮುಳುಗುವುದನ್ನು ನೋಡಲೇಬೇಕು ಎಂದರು. ಇಲ್ಲಿ ಸೂರ್ಯ ಮುಳುಗುವುದಿಲ್ಲವೇ? ಕೊಡೆಯ ಕಡ್ಡಿ ಬಗ್ಗಿಸುವ ವಿಭಾಗದ ಮೇಸ್ತ್ರಿ, "ಒಂದು ಬೀದಿ ಇದೆ ಅಮ್ಮಾ, ಎರಡೂ ಕಡೆ ಬರೀ ತಿನ್ನೋದೇ" ಎಂದ. ಕೈ ತೊಳೆಯುವುದು ಎಲ್ಲಿ ಎಂದು ಕೇಳಿದೆ. ಅವನಿಗೆ ನೆನಪಿರಲಿಲ್ಲ.

ಇವರನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ನನ್ನ ಓರಗಿತ್ತಿಯನ್ನು. ಮೈದುನನ ಹೆಂಡತಿ ಎಂದು ನಾನೇ ಕರೆತಂದು ಕ್ಯಾಂಟೀನಿಗೆ ಸೇರಿಸಿದೆ, ನನ್ನ ಕರ್ಮ. ಮೊದಲೆಲ್ಲ ಬಾಯಿ ಹೊಲಿದವಳ ಹಾಗಿದ್ದಳು, ಅದೊಂದು ಒಳ್ಳೆಯ ಗುಣವಿತ್ತು. ಈಗೀಗ ಒಲೆಯ ಪಕ್ಕ ಬಂದು ನಿಂತರೆ ಮಾತು ನಿಲ್ಲಿಸುವುದೇ ಇಲ್ಲ. ನಾನು ಅವಳಿಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದೇನೆ.

"ಅಕ್ಕಾ, ಈರುಳ್ಳಿ ಹಸಿ ವಾಸ್ನೆ ಹೋಯ್ತು, ಈಗ ಸಿಹಿ ವಾಸ್ನೆ ಬರ್ತಿದೆ ನೋಡಿ. ಅಕ್ಕಾ, ಬೆಳ್ಳುಳ್ಳಿ ಇನ್ನೊಂದು ಚೂರು ಬಿಟ್ರೆ ಕಹಿ ತಿರುಗತ್ತೆ ಅನ್ಸತ್ತೆ."

"ಯಾಕೆ, ನನಗೆ ಮೂಗಿಲ್ವಾ?" ಎಂದು ರೇಗಿದೆ.

"ಅಯ್ಯೋ, ಸುಮ್ನೆ ಹೇಳ್ದೆ ಅಕ್ಕಾ" ಎಂದು ತರಕಾರಿ ಕಡೆ ಹೋದಳು. ನಾನು ಬೆಳ್ಳುಳ್ಳಿ ಇಳಿಸಿದೆ. ಹೇಗೂ ಇಳಿಸಬೇಕೆಂದೇ ಇದ್ದೆ.


ಫೆಬ್ರವರಿ ೧೭

ನಮ್ಮವರು ಚಕ್ರದ ಸೂಟ್‌ಕೇಸು ತಂದಿದ್ದಾರೆ. ಊರಿಗೆ ಹೋಗುವವಳು ನಾನು, ಸಂಭ್ರಮ ಅವರಿಗೆ. ಶಾಲೆಯ ವ್ಯಾನು ಓಡಿಸಿ ಓಡಿಸಿ, ಇಡೀ ಜೀವನ ಅದೇ ನಾಲ್ಕು ಬೀದಿ ಸುತ್ತಿದ ಮನುಷ್ಯ. ಸೂಟ್‌ಕೇಸನ್ನು ಹಾಲಿನಲ್ಲಿ ಆ ಕಡೆಯಿಂದ ಈ ಕಡೆಗೆ ಎಳೆದು, "ಒಂದು ಬೆರಳಲ್ಲಿ ಬರತ್ತೆ ಕಣೇ" ಎಂದು ತೋರಿಸಿದರು. ನಮ್ಮ ಮನೆಯಿಂದ ಬಸ್‌ಸ್ಟಾಂಡಿನವರೆಗೆ ರಸ್ತೆ ಎಲ್ಲಿದೆ? ಇರುವುದು ಗುಂಡಿಗಳು. ಅಲ್ಲಿಯವರೆಗೆ ಚಕ್ರವನ್ನು ನಾನು ಹೊರಬೇಕು.

ಆಮೇಲೆ ಮೊಬೈಲು ಹಿಡಿದು ವಿಡಿಯೋ ತೋರಿಸಿದರು. ಒಬ್ಬ ಗಡ್ಡದವನು ಅಂಗಡಿ ಅಂಗಡಿಗೆ ಹೋಗಿ ಒಂದೊಂದು ತುತ್ತು ಕಚ್ಚುತ್ತಾನೆ, ಕಣ್ಣು ಮೇಲೆ ಮಾಡುತ್ತಾನೆ, ದೆವ್ವ ಹೊಕ್ಕವನ ಹಾಗೆ ತಲೆ ಕೊಡವುತ್ತಾನೆ, ಆಹಾ ಎನ್ನುತ್ತಾನೆ. ಆಹಾ ಎನ್ನುವುದೂ ಒಂದು ರುಚಿಯೇ? ಅದರಲ್ಲಿ ಏನು ಹಾಕಿದ್ದಾರೆ, ಮೊದಲು ಏನು ತಿಳಿಯುತ್ತದೆ, ನುಂಗಿದ ಮೇಲೆ ಏನು ಉಳಿಯುತ್ತದೆ, ಒಂದನ್ನಾದರೂ ಹೇಳುವ ಯೋಗ್ಯತೆ ಅವನಿಗಿಲ್ಲ. ಇವನಿಗಿಂತ ನಮ್ಮ ಬಾಯಿಬಡುಕಿ ವಾಸಿ. ಬೆಳ್ಳುಳ್ಳಿ ಕಹಿ ತಿರುಗುತ್ತದೆ ಎಂದಾದರೂ ಹೇಳುತ್ತಾಳೆ.

"ನೀನು ಹೋಗಿ ಕೂತ್ಕೊಂಡ್ರೆ ಆ ಹೋಟೆಲಿನವ್ರ ಕೈಕಾಲು ನಡುಗತ್ತೆ" ಎಂದರು ನಮ್ಮವರು, ಊಟ ಮಾಡುತ್ತಾ. ಎಷ್ಟು ಹೆಮ್ಮೆ ಆ ಮುಖದಲ್ಲಿ. ನನಗೆ ಅಳು ಬಂತು. ಮೆಣಸಿನಕಾಯಿ ಸಿಕ್ಕಿತು ಎಂದೆ. ಬಾಯಲ್ಲಿ ಅನ್ನವಿದೆ ಎಂಬುದು ನನ್ನ ಹಲ್ಲಿಗೆ ಮಾತ್ರ ಗೊತ್ತಿತ್ತು.


ಫೆಬ್ರವರಿ ೨೧

ಬಾಯಿಬಡುಕಿ ಇವತ್ತು ರಜ. ಮಗಳಿಗೆ ಹಲ್ಲುನೋವಂತೆ. ಅಡುಗೆಮನೆಯಲ್ಲಿ ಏನು ಶಾಂತಿ. ಇವಳು ದಿನವೂ ರಜ ಹಾಕಬಾರದೇ ಎನಿಸಿತು.

ಸಂಜೆ: ಬೇಳೆ ಸೀದುಹೋಯಿತು. ದೊಡ್ಡ ಹಂಡೆಯದು, ಪೂರ್ತಿ. ತಳದಲ್ಲಿ ಅಂಗೈ ದಪ್ಪ ಕರಿ. ಒಲೆಯ ಮುಂದೆಯೇ ನಿಂತಿದ್ದೆ, ಎರಡು ಸಲ ಬಗ್ಗಿ ತಲೆಯನ್ನೂ ಆಡಿಸಿದೆ. ಬಡಿಸಿದ ಮೇಲೆ ತಟ್ಟೆಗಳು ಹಾಗೆ ಹಾಗೇ ವಾಪಸ್ಸು ಬಂದವು.

ಅಲ್ಲಿದ್ದ ಅಷ್ಟೂ ಹೆಂಗಸರಿಗೆ ವಾಸನೆ ಬಂದಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ. ಯಾಕ್ರೇ ಎಂದರೆ, ಪಾತ್ರೆ ತೊಳೆಯುವವಳು ಹೇಳುತ್ತಾಳೆ: "ನೀವು ಮೂಸಿ ನೋಡಿ ತಲೆ ಆಡ್ಸಿದ್ರಲ್ಲ ಅಮ್ಮಾ. ದೊಡ್ಡ ಊರಿನ ಹೊಸ ಐಟಂ ಇರ್ಬೇಕು, ಹೊಗೆ ಹಾಕಿ ಮಾಡೋದಿರ್ಬೇಕು ಅಂದ್ಕೊಂಡ್ವಿ."

ನನ್ನ ಮೂಗಿನ ಮೇಲೆ ಇವರಿಗಿದ್ದ ನಂಬಿಕೆ ನೋಡಿ. ತಮ್ಮ ಮೂಗನ್ನೇ ಸುಳ್ಳು ಮಾಡಿಕೊಂಡು ನಿಂತಿದ್ದರು.


ಫೆಬ್ರವರಿ ೨೨

ಹಂಡೆಯ ತಳ ತೆಳ್ಳಗಾಗಿದೆ ಎಂದೆ. ಮೇನೇಜರು ಹಂಡೆಯನ್ನು ಬೆರಳಲ್ಲಿ ತಟ್ಟಿ ನೋಡಿದರು. ಹಂಡೆಯ ವಿಷಯ ಅವರಿಗೆ ಏನು ಗೊತ್ತು, ಆದರೂ ತಟ್ಟಿದರು. ಅವರ ಹಿಂದೆ ಡಬ್ಬಿಯವನು ನಿಂತಿದ್ದ. ಯಾರು ಹೇಳಿ ಕಳಿಸಿದರೋ, ನೊಣಕ್ಕೆ ಹೇಳಿ ಕಳಿಸಬೇಕೇ. ಅವನ ಟೈ ಮೇಲೆ ಚಿಕ್ಕ ಚಿಕ್ಕ ಚಮಚಗಳ ಚಿತ್ರವಿತ್ತು.

ತೀರ್ಮಾನ ಹೀಗಾಗಿದೆ. ನಾನು ದೊಡ್ಡ ಊರಿನಿಂದ ಬಂದ ಮೇಲೆ ಅಲ್ಲಿ ಕಲಿತ ನಾಲ್ಕು ಐಟಂ ಮಾಡಬೇಕು. ಡಬ್ಬಿಯವನೂ ನಾಲ್ಕು ತರುತ್ತಾನೆ. ಕಾರ್ಖಾನೆಯ ಯಜಮಾನರು ಎರಡನ್ನೂ ತಿಂದು ನೋಡಿ, ಕ್ಯಾಂಟೀನು ಯಾರ ಕೈಯಲ್ಲಿರಬೇಕು ಎಂದು ಹೇಳುತ್ತಾರೆ.

"ನೀವೇ ಗೆಲ್ತೀರಿ ಬಿಡಿ ಅಮ್ಮಾ, ನಿಮ್ಮ ಮೂಗಿನ ಮುಂದೆ ಯಾರಿದಾರೆ" ಎಂದರು ಮೇನೇಜರು. ಡಬ್ಬಿಯವನು ನನ್ನ ಮೂಗನ್ನೇ ನೋಡಿದ.

ಬಾಯಿಬಡುಕಿ ಇವತ್ತು ಬಂದಿದ್ದಳು. ಸೀದ ಹಂಡೆಯನ್ನು ಉಜ್ಜುತ್ತಾ ಕೂತಳು, ಯಾರೂ ಹೇಳಿರಲಿಲ್ಲ. ಆಮೇಲೆ ಇಡೀ ದಿನ ಒಲೆ ಬಿಟ್ಟು ಅಲ್ಲಾಡಲಿಲ್ಲ, ಬಾಯಿಯನ್ನೂ ನಿಲ್ಲಿಸಲಿಲ್ಲ. ತಲೆ ಚಿಟ್ಟು ಹಿಡಿಯಿತು.


ಫೆಬ್ರವರಿ ೨೬

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದಂತೆ. ಅಕ್ಕಿ ತೊಳೆಯುವವಳು ಗೊರಕೆ ಹೊಡೆಯುತ್ತಾಳೆ. ಪಾತ್ರೆ ತೊಳೆಯುವವಳಿಗೆ ಬಸ್ಸು ಕಂಡರೇ ವಾಂತಿ. ನಮ್ಮವರಿಗೆ ವ್ಯಾನು ಬಿಡುವ ಹಾಗಿಲ್ಲ, ಶಾಲೆಗೆ ಪರೀಕ್ಷೆಯ ಕಾಲ. ಉಳಿದವಳು ಒಬ್ಬಳೇ.

"ನಾನಾ ಅಕ್ಕಾ?" ಎಂದು ಬಾಯಿಬಡುಕಿ ಚಾಕು ಕೆಳಗಿಟ್ಟಳು.

"ಬೇರೆ ಯಾರೂ ಸಿಗ್ಲಿಲ್ಲ" ಎಂದೆ. ನಿಜವನ್ನೇ ಹೇಳಿದೆ.


ಮಾರ್ಚ್ ೩

ಊಟದ ಗಲಾಟೆ ಮುಗಿದ ಮೇಲೆ ಈರುಳ್ಳಿ ಮೂಟೆಗಳ ಮೇಲೆ ದೊಡ್ಡ ಊರಿನ ನಕ್ಷೆ ಹರಡಿಕೊಂಡು ಕೂತೆವು. ಮೇನೇಜರ ಹೆಂಡತಿ ಕೊಟ್ಟ ನಕ್ಷೆ. ನೋಡಬೇಕಾದ ಕಡೆಗಳಿಗೆಲ್ಲ ಕೆಂಪು ಹೃದಯದ ಗುರುತು ಹಾಕಿದ್ದಾರೆ. ಊರಿಗೆಲ್ಲ ಬೊಕ್ಕೆ ಎದ್ದ ಹಾಗಿದೆ.

ಬಾಯಿಬಡುಕಿಗೆ ಕೋಟೆ ನೋಡಬೇಕಂತೆ. ಬಿದ್ದ ಗೋಡೆ ನೋಡಲು ಅಷ್ಟು ದೂರ ಯಾಕೆ, ನಮ್ಮ ಹಿತ್ತಿಲಿನದೇ ಇದೆ ಎಂದೆ. ವಸ್ತು ಸಂಗ್ರಹಾಲಯ? ಹಳೆಯ ಪಾತ್ರೆ ಇಟ್ಟಿರುತ್ತಾರೆ, ಅದನ್ನು ತೊಳೆಯಿರಿ ಎಂದು ಯಾರೂ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಹೂದೋಟ? ನನಗೆ ಹೂವಿನ ತೋಟದಲ್ಲಿ ಈಗ ಏನು ಕೆಲಸ. ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅವಳು ಹೂದೋಟದ ಹೃದಯದ ಮೇಲೆ ತಾನೇ ಪೆನ್ಸಿಲ್ಲಿನಲ್ಲಿ ಗೀಟು ಹಾಕಿ, "ಬಿಸಿಲು ಅಕ್ಕಾ, ಅಲ್ಲಿಗೆ ಬೇಡ" ಎಂದಳು.

ಅವಳು ಚಿಕ್ಕಂದಿನಲ್ಲಿ ಅಪ್ಪನ ಕಣ್ಣು ತೋರಿಸಲು ಒಂದು ಸಲ ಆ ಊರಿಗೆ ಹೋಗಿದ್ದಳಂತೆ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಲೆಯಲ್ಲಿ ಸುಟ್ಟ ರೊಟ್ಟಿ ತಿಂದಳಂತೆ. ಕೇಳಿದವರು ಯಾರು? ತಾನೇ ಶುರು ಮಾಡಿದಳು.

"ಮೊದ್ಲು ಸುಟ್ಟ ಹಿಟ್ಟಿನ ವಾಸ್ನೆ ಬರತ್ತೆ ಅಕ್ಕಾ. ಹೊಸ ಬಟ್ಟೆಗೆ ಇಸ್ತ್ರಿ ಹಾಕ್ದಾಗ ಬರತ್ತಲ್ಲ, ಆ ಥರ ಬೆಚ್ಚಗಿನ ವಾಸ್ನೆ. ಅದರ ಮೇಲೆ ಬೆಣ್ಣೆ ಹಚ್ತಾರೆ. ಬೆಣ್ಣೆ ಕರಗಿದ ತಕ್ಷಣ ಆ ಸುಟ್ಟ ವಾಸ್ನೆ ಸ್ವಲ್ಪ ತಗ್ಗಿ, ಹಾಲಿನ ವಾಸ್ನೆ ಮುಂದಕ್ಕೆ ಬರತ್ತೆ. ಆಮೇಲೆ ಬೆಳ್ಳುಳ್ಳಿ ಮೊಸರು. ಹಸಿ ಬೆಳ್ಳುಳ್ಳಿ ಅಲ್ಲ, ಸಿಪ್ಪೆ ಸಮೇತ ಬೂದೀಲಿ ಸುಟ್ಟಿದ್ದು. ಘಾಟಿಲ್ಲ. ಮೂಗಿನ ಮೇಲ್ಗಡೆ ಒಂಚೂರು ನಿಂತು ಹೋಗತ್ತೆ."

"ಆಮೇಲೆ?" ಎಂದೆ. ಸುಮ್ಮನೆ ಕೇಳಿದ್ದು.

"ಆಮೇಲೆ ಏನಿಲ್ಲ ಅಕ್ಕಾ, ಖಾಲಿಯಾಯ್ತು. ಅಪ್ಪ ತಮ್ಮದ್ರಲ್ಲಿ ಅರ್ಧ ಕೊಟ್ರು."

ಆ ಓಣಿಗೂ ಒಂದು ಗುರುತು ಹಾಕಿದೆವು. ಇಷ್ಟು ವರ್ಷದ ಮೇಲೆ ಆ ಅಂಗಡಿ ಇದ್ದ ಹಾಗೆಯೇ.


ಮಾರ್ಚ್ ೮

ಮೈದುನ ಏಣಿ ವಾಪಸ್ಸು ಕೊಡಲು ಬಂದಿದ್ದ. ತೆಗೆದುಕೊಂಡು ಹೋಗಿ ಎಷ್ಟು ಕಾಲವಾಯಿತೋ, ಆ ಏಣಿಗೆ ನಮ್ಮ ಮನೆಯ ಗುರುತೇ ಸಿಗಲಿಲ್ಲ.

"ಅತ್ತಿಗೆ, ಮೂರು ದಿನ ನೀವಿಬ್ರೂ ಏನು ಮಾತಾಡ್ತೀರಿ? ನಿಮಗೆ ಬೇಜಾರಾಗತ್ತೆ" ಎಂದ.

"ನನಗೆ ಬೇಜಾರಾಗೋಕೆ ಬಿಟ್ರೆ ತಾನೇ ನಿನ್ನ ಹೆಂಡ್ತಿ? ಅವಳ ಬಾಯಿಗೆ ಬೀಗ ಹಾಕೋರು ಯಾರು?"

ಅವನು ನನ್ನ ಮುಖ ನೋಡಿದ. "ಯಾರ ಬಗ್ಗೆ ಹೇಳ್ತಿದೀರಿ? ಅವಳು ಮನೇಲಿ ಬಾಯೇ ಬಿಡಲ್ಲ ಅತ್ತಿಗೆ. ಉಪ್ಪು ಬೇಕಾ ಅಂದ್ರೆ ತಲೆ ಆಡಿಸ್ತಾಳೆ. ಮದುವೆಯಾದ ಹೊಸದ್ರಲ್ಲಿ ಅಮ್ಮ ಇವಳಿಗೆ ಮಾತು ಬರತ್ತೋ ಇಲ್ವೋ ಅಂತ ಕೇಳಿದ್ರಲ್ಲ, ನೆನಪಿಲ್ವಾ?"

ನೆನಪಿದೆ. ಕ್ಯಾಂಟೀನಿಗೆ ಸೇರಿದ ಮೇಲೂ ಹಾಗೇ ಇದ್ದಳು. ಈ ಹೊಸ ವರ್ಷದ ಸುಮಾರಿಗೆ, ನಾನು ಜ್ವರದಿಂದ ಎದ್ದು ಕೆಲಸಕ್ಕೆ ಬಂದ ಮೇಲೆಯೇ ಈ ಗೀಳು ಶುರುವಾದದ್ದು. ಯಾಕೋ. ಮನೆಯಲ್ಲಿ ಕೇಳುವವರಿಲ್ಲದೆ ನನ್ನ ತಲೆ ತಿನ್ನುತ್ತಾಳೆ ಎಂದು ಕಾಣುತ್ತದೆ. ಮೈದುನನ ಕಿವಿಯೂ ಅಷ್ಟರಲ್ಲೇ ಇದೆ.

ಏಣಿಯ ಒಂದು ಮೆಟ್ಟಿಲು ಮುರಿದಿದೆ.


ಮಾರ್ಚ್ ೧೧

ಅಲ್ಲಿಗೆ ಹೋಗಿ ಪೆಚ್ಚಾಗುವ ಬದಲು ಇಲ್ಲೇ ಒಂದು ಸಲ ಕೈ ನೋಡೋಣ ಎನಿಸಿತು. ಬಾಯಿಬಡುಕಿ ಹೇಳಿದ ರೊಟ್ಟಿ. ಅವಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು, ಹಿಟ್ಟು ನಾದಿದೆ. ನಾದುವುದಕ್ಕೆ ಮೂಗು ಬೇಡ. ಹಿಟ್ಟು ಕೈಗೆ ಹೇಳುತ್ತದೆ, ರೊಟ್ಟಿ ಉಬ್ಬುವುದು ಕಣ್ಣಿಗೆ ಹೇಳುತ್ತದೆ, ಬೆಣ್ಣೆ ಕಿವಿಗೆ ಹೇಳುತ್ತದೆ. ಬೆಳ್ಳುಳ್ಳಿಯದು ಮಾತ್ರ ಯಾರೂ ಹೇಳದಿದ್ದರೆ ತಿಳಿಯುವುದಿಲ್ಲ.

"ಇನ್ನೂ ಹಸಿ ಇದೆ ಅಕ್ಕಾ. ಇನ್ನೂ. ಈಗ ಸಿಪ್ಪೆ ಸುಡ್ತಾ ಇದೆ, ಒಳಗಿಂದಲ್ಲ. ತಡೀರಿ. ಈಗ ಒಳಗಿಂದು ಬಂತು, ಬೆಂದ ಗೆಣಸಿನ ಥರ. ಈಗ, ಈಗ ತೆಗೀರಿ."

ತೆಗೆದೆ. ಅವಳು ಒಂದು ತುಂಡು ಬಾಯಿಗಿಟ್ಟುಕೊಂಡು ಸುಮ್ಮನಾದಳು. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಇಷ್ಟು ಹೊತ್ತೂ ಬಡಬಡಿಸಿ, ಬೇಕಾದ ಹೊತ್ತಿಗೆ ಬಾಯಿ ಮುಚ್ಚಿಕೊಳ್ಳುವುದು ಎಂಥ ಸ್ವಭಾವ?

"ಹೇಳೇ" ಎಂದೆ.

"ಅದೇ ಅಕ್ಕಾ. ಅಪ್ಪ ಕೊಡ್ಸಿದ್ದು. ಅದೇ" ಎಂದಳು. ಕಣ್ಣಲ್ಲಿ ನೀರು. ಹೊಗೆ ಇರಬೇಕು.

ಉಳಿದದ್ದನ್ನು ಪಾಳಿ ಮುಗಿಸಿ ಹೊರಟವರಿಗೆ ಕೊಟ್ಟೆವು. ಒಂದು ಚೂರೂ ಉಳಿಯಲಿಲ್ಲ. ಹಸಿದವರು ಏನು ಕೊಟ್ಟರೂ ತಿನ್ನುತ್ತಾರೆ, ಅದಕ್ಕೆ ಉಬ್ಬುವುದೇನಿಲ್ಲ. ಮೇಸ್ತ್ರಿ ಮಾತ್ರ ಎರಡು ಸಲ ಬಂದ.


ಮಾರ್ಚ್ ೧೪

ಬಾಯಿಬಡುಕಿಗೆ ನೆಗಡಿ. ಮೂಗು ಕಟ್ಟಿದೆಯಂತೆ. ಕೆಲಸಕ್ಕೆ ಬಂದಿಲ್ಲ.

ಇವತ್ತು ಬರೀ ಅನ್ನ, ಬೇಯಿಸಿದ ಆಲೂಗಡ್ಡೆ. ಗೊಣಗುವವರು ಗೊಣಗಲಿ.


ಮಾರ್ಚ್ ೧೫

ಇವಳಿಗೆ ನೆಗಡಿ ಬರಲು ಬೇರೆ ಕಾಲವೇ ಸಿಗಲಿಲ್ಲವೇ? ಹೊರಡುವುದು ನಾಡಿದ್ದು. ಬೆಳಿಗ್ಗೆಯೇ ಅವಳ ಮನೆಗೆ ಹೋದೆ. ಹೋಗುವ ದಾರಿಯಲ್ಲೆಲ್ಲ ಅವಳನ್ನು ಬೈದುಕೊಂಡೆ. ಒದ್ದೆ ತಲೆಯಲ್ಲಿ ತಿರುಗುತ್ತಾಳೆ, ಹೇಳಿದರೆ ಕೇಳುವುದಿಲ್ಲ, ತನ್ನ ಮೈ ಬಗ್ಗೆ ಎಳ್ಳಷ್ಟೂ ಎಚ್ಚರವಿಲ್ಲ. ನನಗೂ ಮೊದಲು ಹೀಗೇ ಕಟ್ಟಿಕೊಂಡಿತ್ತು. ಆಮೇಲೆ ತೆರೆಯಲೇ ಇಲ್ಲ. ಹಾಗೇನಾದರೂ ಆದರೆ ಇವಳು ಏನು ಮಾಡುತ್ತಾಳೆ, ಈ ವಯಸ್ಸಿನಲ್ಲಿ, ಅದೂ ಅಷ್ಟು ಚೆನ್ನಾಗಿರುವ ಮೂಗು.

ಕಂಬಳಿ ಹೊದ್ದು ಕೂತಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಬೆಳ್ಳುಳ್ಳಿಯ ಒಂದು ಎಸಳನ್ನು ಸುಲಿದು ಅವಳ ಮೂಗಿಗೆ ಒತ್ತಿದೆ.

"ಏನು ವಾಸ್ನೆ ಹೇಳು."

ಅವಳು ಮುಖ ಹಿಂದಕ್ಕೆಳೆದಳು. "ಅಕ್ಕಾ, ಉರಿ."

"ಉರಿ ಬೇಡ. ವಾಸ್ನೆ ಹೇಳು. ಬರ್ತಿದ್ಯೋ ಇಲ್ವೋ, ಸುಳ್ಳು ಹೇಳ್ಬೇಡ."

ಅವಳು ನನ್ನ ಕೈಯಿಂದ ಬೆಳ್ಳುಳ್ಳಿ ತೆಗೆದುಕೊಂಡಳು.

"ಬರ್ತಿದೆ ಅಕ್ಕಾ. ಸ್ವಲ್ಪ ಸ್ವಲ್ಪ ಬರ್ತಿದೆ. ನಾಳೆಗೆ ಸರಿ ಹೋಗತ್ತೆ." ಆಮೇಲೆ ತಲೆ ಬಗ್ಗಿಸಿ ಕೇಳಿದಳು, "ನಿಮಗೆ? ಒಂಚೂರಾದ್ರೂ ಬಂತಾ?"

ಪಕ್ಕದ ಕೋಣೆಯಲ್ಲಿ ಅವಳ ಮಗಳು ಜೋರಾಗಿ ಪಾಠ ಓದುತ್ತಿದ್ದಳು.

"ಯಾವಾಗಿಂದ ಗೊತ್ತು?"

"ನೀವು ಜ್ವರ ಬಿಟ್ಟು ಬಂದ ಮೊದಲ್ನೇ ದಿನ. ಹಾಲು ಹುಳಿಯಾಗಿತ್ತು. ನೀವು ಬಗ್ಗಿ ನೋಡಿ, ಸರಿಯಿದೆ ಅಂತ ಚಹಾಕ್ಕೆ ಹಾಕೋಕೆ ಹೋದ್ರಿ. ನಾನು ಕೈ ತಾಗಿಸಿ ಬೀಳಿಸ್ದೆ. ನೀವು ಬೈದ್ರಿ."

ಬೈದದ್ದು ನೆನಪಿದೆ. ಕಣ್ಣು ನೆತ್ತಿಗೆ ಹೋಗಿದೆಯೇನೇ ಎಂದಿದ್ದೆ.

"ಬಾಯಿಬಿಟ್ಟು ಹೇಳೋಕೆ ಏನು ಧಾಡಿ ನಿನಗೆ?"

"ಹೇಳ್ತಾನೇ ಇದ್ದೆನಲ್ಲ ಅಕ್ಕಾ" ಎಂದಳು. "ದಿನಾ."

ಎದ್ದು ಬಂದೆ. ಬರುವಾಗ ಹಬೆ ತೆಗೆದುಕೋ, ತಲೆ ಒದ್ದೆ ಮಾಡಿಕೊಳ್ಳಬೇಡ ಎಂದು ಹೇಳಿದೆ.


ಮಾರ್ಚ್ ೧೬

ಸೂಟ್‌ಕೇಸು ತುಂಬಿಸಿದೆ. ಎರಡು ಸೀರೆ, ಟವೆಲ್ಲು, ನಕ್ಷೆ. ಅವಳಿಗೆ ಕಿವಿ ಮುಚ್ಚುವ ಒಂದು ಉಣ್ಣೆ ಟೋಪಿ. ಬಸ್ಸಿನಲ್ಲಿ ಗಾಳಿ ಹೊಡೆದು ಮತ್ತೆ ನೆಗಡಿಯಾದರೆ ನೋಡಿಕೊಳ್ಳುವವಳು ನಾನು ತಾನೇ.

ಇವತ್ತು ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಿದ್ದಳು. ಒಲೆಯ ಹತ್ತಿರ ಬಂದು ಸುಮ್ಮನೆ ನಿಂತಳು. ನಾನು ಹಬೆಯ ಮೇಲೆ ಬಗ್ಗಲಿಲ್ಲ. "ಏನಂತೆ?" ಎಂದೆ. ಅವಳು ಹೇಳಿದಳು. ನಾನು ಸೌಟು ತಿರುಗಿಸಿದೆ.


ಮಾರ್ಚ್ ೧೭

ಬಂದೆವು. ಊರು ದೊಡ್ಡದು, ನಿಜ. ದೊಡ್ಡದು ಎಂದರೆ ಜನ ಜಾಸ್ತಿ, ಧೂಳು ಜಾಸ್ತಿ, ಯಾರಿಗೂ ಯಾರೂ ದಾರಿ ಬಿಡುವುದಿಲ್ಲ, ಅಷ್ಟೇ. ಲಾಡ್ಜಿನ ಕೋಣೆಯ ಕಿಟಕಿ ತೆರೆದರೆ ಇನ್ನೊಂದು ಲಾಡ್ಜಿನ ಕಿಟಕಿ. ಸೂಟ್‌ಕೇಸಿನ ಒಂದು ಚಕ್ರ ಬಸ್‌ಸ್ಟಾಂಡಿನಲ್ಲೇ ಹೋಯಿತು. ಗೋಪುರ ನೋಡಿದೆವು. ಎತ್ತರವಾಗಿದೆ. ಗೋಪುರ ಎತ್ತರವಾಗಿರದೆ ಇನ್ನೇನು? ಬಾಯಿಬಡುಕಿ ಉಣ್ಣೆ ಟೋಪಿ ಹಾಕಿಕೊಂಡು ಕತ್ತು ನೋಯುವಷ್ಟು ಹೊತ್ತು ನೋಡಿದಳು. ಜನ ಗೋಪುರ ಬಿಟ್ಟು ಅವಳ ಟೋಪಿಯನ್ನು ನೋಡಿದರು.

ಆಸ್ಪತ್ರೆಯ ಹಿಂದಿನ ಓಣಿಗೆ ಮಧ್ಯಾಹ್ನ ಹೋದೆವು. ಅವಳ ರೊಟ್ಟಿ ಅಂಗಡಿ ಇಲ್ಲ, ಅಲ್ಲಿ ಚಪ್ಪಲಿ ಅಂಗಡಿ ಇದೆ. ನಾನು ಅಂದುಕೊಂಡಿದ್ದೇ. ಆದರೆ ಅವಳು ನಡುಬೀದಿಯಲ್ಲಿ ನಿಂತು, ನಾಯಿಯ ಹಾಗೆ ಮೂಗೆತ್ತಿ, "ಇಲ್ಲೇ ಎಲ್ಲೋ ಹಿಟ್ಟು ಸುಡ್ತಿದಾರೆ ಅಕ್ಕಾ" ಎಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ನನ್ನನ್ನು ಇಷ್ಟು ವರ್ಷದಲ್ಲಿ ಹೀಗೆ ಎಳೆದವರಿಲ್ಲ. ಎರಡು ತಿರುವಿನಾಚೆ, ಮೆಟ್ಟಿಲ ಕೆಳಗೆ ಒಂದು ಗೂಡು. ಮೂರು ಬೆಂಚು. ಅದೇ ಒಲೆಯಂತೆ, ಅದೇ ರೊಟ್ಟಿಯಂತೆ.

ತಟ್ಟೆ ಬಂತು. ನಾನು ತುತ್ತು ಬಾಯಿಗಿಡದೆ ಅವಳು ಬಾಯಿ ತೆರೆಯಲಿ ಎಂದು ಕಾದೆ. ಹೇಳಿದಳು, ಹಿಟ್ಟು, ಬೆಣ್ಣೆ, ಬೂದಿಯಲ್ಲಿ ಸುಟ್ಟ ಬೆಳ್ಳುಳ್ಳಿ, ಒಂದೊಂದಾಗಿ. ಆಮೇಲೆ ನಾನು ಆ ಮೊಸರನ್ನು ಬೆರಳಲ್ಲಿ ತೆಗೆದು, ಎಲ್ಲರೂ ನೋಡುವ ಹಾಗೆ ನಾಲಗೆಗೆ ಮುಟ್ಟಿಸಿದೆ. ಅಡುಗೆ ಶುರು ಮಾಡಿದ ಮೇಲೆ ಇದೇ ಮೊದಲು.

"ಉಪ್ಪು ಜಾಸ್ತಿ" ಎಂದೆ.

"ಹೌದಕ್ಕಾ, ಒಂಚೂರು ಜಾಸ್ತಿ."

"ಉಪ್ಪು, ಹುಳಿ ನನಗೆ ಬಿಡು. ಉಳಿದಿದ್ದು ನೀನು ಹೇಳು."

ಅಷ್ಟು ಹೊತ್ತಿಗೆ ಮೇನೇಜರ ಫೋನು. "ಹೇಗಿದೆ ಅಮ್ಮಾ? ಏನು ತಿಂದ್ರಿ? ಹೇಗಿತ್ತು, ಸ್ವಲ್ಪ ಹೇಳಿ, ಬಾಯಲ್ಲಿ ನೀರು ಬರ್ತಿದೆ."

"ತಿಂದವಳು ಇಲ್ಲೇ ಇದಾಳೆ, ಅವಳೇ ಹೇಳ್ತಾಳೆ" ಎಂದು ಫೋನನ್ನು ಬಾಯಿಬಡುಕಿಯ ಕೈಗೆ ಕೊಟ್ಟೆ.

ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೂಂ ಸಾರ್" ಎಂದಳು. "ಚೆನ್ನಾಗಿದೆ ಸಾರ್." ಆಮೇಲೆ ಬಾಯಿ ತೆರೆಯಿತು, ಮಾತು ಬರಲಿಲ್ಲ. ಹಣೆಯಲ್ಲಿ ಬೆವರು. "ಹೂಂ ಸಾರ್" ಎಂದು ಇನ್ನೊಮ್ಮೆ ಹೇಳಿ, ಬಿಸಿ ಪಾತ್ರೆ ಹಿಡಿದವಳ ಹಾಗೆ ಫೋನನ್ನು ನನ್ನ ಕಡೆ ಚಾಚಿದಳು. ಮೈದುನ ಸುಳ್ಳು ಹೇಳಿರಲಿಲ್ಲ. ಇವಳಿಗೆ ಮಾತು ಬರುವುದೇ ಇಲ್ಲ. ಮೂರು ತಿಂಗಳು ನನ್ನ ತಲೆ ತಿಂದವಳು ಇವಳೇ ಏನು?

ಅವಳು ಹಾಗೆ ಬೆಪ್ಪಾಗಿ ಕೂತದ್ದು ನೋಡಿ ನನಗೆ ಪಿತ್ತ ನೆತ್ತಿಗೇರಿತು.

"ಸಾರ್, ಕೇಳಿ. ನನ್ನ ಮೂಗು ಸತ್ತಿದೆ. ಜ್ವರ ಬಂತಲ್ಲ, ಅವತ್ತಿಂದ. ಯಾವ ವಾಸ್ನೆಯೂ ಬರಲ್ಲ."

"ಅಂದ್ರೆ... ಇಷ್ಟು ದಿನ ಅಡುಗೆ?"

"ಕೈ ನನ್ನದು. ಮೂಗು ನನ್ನ ಓರಗಿತ್ತೀದು."

"ಮತ್ತೆ ಆ ಸೀದ ಬೇಳೆ?"

"ಅವತ್ತು ಇವಳು ರಜ."

ಅವರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. "ಯಜಮಾನ್ರಿಗೆ ನಾನೇನು ಹೇಳ್ಲಿ ಅಮ್ಮಾ?"

"ಇದ್ದಿದ್ದು ಹೇಳಿ. ನಾಲ್ಕು ಐಟಂ ನಾವಿಬ್ರೂ ಸೇರಿ ಮಾಡ್ತೀವಿ. ಆ ಡಬ್ಬಿಯವನ ವ್ಯಾನಲ್ಲಿ ಮೂಗಿರೋರು ಯಾರಾದ್ರೂ ಇದಾರಾ ಅಂತಾನೂ ಒಂದ್ಮಾತು ಕೇಳಿ."

"ಬನ್ನಿ, ನೋಡೋಣ" ಎಂದರು. ನೋಡೋಣ ಎನ್ನುವುದು ಅವರ ಹಳೆಯ ಚಾಳಿ. ಕೆಲಸ ಉಳಿಯುತ್ತದೋ ಹೋಗುತ್ತದೋ, ಅದು ಹೋಗಿ ನೋಡಬೇಕು. ಫೋನು ಇಟ್ಟಾಗ ಹಸಿವಾಗಿತ್ತು. ಜ್ವರ ಬಂದ ಮೇಲೆ ಹಸಿವಾದದ್ದು ನೆನಪಿಲ್ಲ.

ಬಾಯಿಬಡುಕಿ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಇನ್ನೊಂದು ರೊಟ್ಟಿ ಹೇಳಿದೆ. ಬಂದ ಮೇಲೆ ಅರ್ಧ ಮುರಿದು ಅವಳ ಕಡೆ ಸರಿಸಿದೆ.

"ಇದು ಮೊದ್ಲಿನದಕ್ಕಿಂತ ಜಾಸ್ತಿ ಸುಟ್ಟಿದೆ ಅಕ್ಕಾ" ಎಂದು ಶುರು ಮಾಡಿದಳು. "ಅಂಚಲ್ಲಿ ಒಂಚೂರು ಕಹಿ ವಾಸ್ನೆ ಬರ್ತಿದೆ..."

ನಿಧಾನವಾಗಿ ಹೇಳು, ಯಾರೂ ಅಟ್ಟಿಸಿಕೊಂಡು ಬಂದಿಲ್ಲ ಎಂದೆ.

ಈಗ ಲಾಡ್ಜಿನ ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೇನೆ. ಸಂಜೆಯ ಬಿಸಿಲು ಎದುರಿನ ಗೋಡೆಯ ಮೇಲಿದೆ. ಅವಳು ಕೆಳಗಿನ ಬೀದಿಯಲ್ಲಿ ಏನು ಹುರಿಯುತ್ತಿದ್ದಾರೆ ಎಂದು ಹಾಸಿಗೆಯ ಮೇಲಿಂದಲೇ ಹೇಳುತ್ತಿದ್ದಾಳೆ, ಬಾಯಿಗೆ ಬಿಡುವಿಲ್ಲ. ನಾಳೆ ಕೋಟೆಯಂತೆ, ಆ ತಿನ್ನುವ ಬೀದಿಯಂತೆ. ಹೂದೋಟಕ್ಕೂ ಹೋಗೋಣ ಎಂದು ನಾನೇ ಹೇಳಿದೆ. ಅಲ್ಲಿ ಏನೇನಿದೆ ಎಂದು ಅವಳು ಹೇಳಲಿ. ಈ ಬಾಯಿಬಡುಕಿಯ ಜೊತೆ ನಾನು ಇನ್ನೂ ಎರಡು ದಿನ ಕಳೆಯಬೇಕು. ಎರಡೇ ದಿನ.